ಚಲೋ ತತ್ತಿಗೆ ಫೋನಿಲ್ಲ

ಜೀವಮಾನದಲ್ಲಿ ಒಮ್ಮೆಯೂ ಮೊಟ್ಟೆ ತಿನ್ನದ ಶಿವಪ್ರಕಾಶ, ಪುಣೆ ಬಳಿಯ ಪಿಂಪ್ರಿಯ ಆಚೆಗಿನ ಪ್ಯಾಕಿಂಗ್ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಮೊಟ್ಟೆಯ ಗುಣಮಟ್ಟ ಪರೀಕ್ಷಿಸುತ್ತಿದ್ದ. ಬೈಲಹೊಂಗಲದ ಲಿಂಗವಂತರ ಮನೆಯವನು. ರುಚಿ ಗೊತ್ತಿಲ್ಲದವನೇ ನಿಷ್ಪಕ್ಷಪಾತಿ ಎಂದು ಕಂಪನಿಯವರು ನಂಬಿದ್ದರು. ಊರಿನವರಿಗೆ ಅವನು 'ಫುಡ್ ಲೈನಿನಲ್ಲಿ' ಇದ್ದಾನೆ ಎಂದಷ್ಟೇ ಗೊತ್ತಿತ್ತು.

ಕೆಲಸಕ್ಕೆ ಸೇರಿದ ಮೊದಲ ದಿನ ಮರಾಠಿಯಲ್ಲಿ ವರದಿ ಒಪ್ಪಿಸುವಾಗ ಅವನ ಬಾಯಿಗೆ ಬಂದದ್ದು ಮೊಟ್ಟೆಗೆ ಮನೆಯಲ್ಲಿ ಆಡುವ ಮಾತು: "ಸಾಹೇಬ್, ತತ್ತಿ ಚಾಂಗಲೀ ಆಹೇ." ಸಾಹೇಬರ ಕಿವಿಗೆ ಅದು ಟಟ್ಟಿ, ಅಂದರೆ ಮಲ, ಎಂದು ಬಿತ್ತು. ಮಲ ಚೆನ್ನಾಗಿದೆ ಎಂಬ ವರದಿಗೆ ಇಡೀ ಕೋಣೆ ನಕ್ಕಿತು. ಅಂದಿನಿಂದ ಅವನು ಹೊರಗೆ 'ಅಂಡೀ' ಎನ್ನುತ್ತಿದ್ದ. ತತ್ತಿಯನ್ನು ಖಡಕಿಯ ಮನೆಯಲ್ಲಿ, ಹೆಂಡತಿ ಶೈಲಶ್ರೀಯ ಮುಂದೆ ಮಾತ್ರ ತೆಗೆಯುತ್ತಿದ್ದ. ಅವಳು ತೀರಿಕೊಂಡು ಮೂರು ವರ್ಷವಾಗಿತ್ತು. ಈಗ ಆ ಶಬ್ದಕ್ಕೆ ಜಾಗವಿರಲಿಲ್ಲ. ಅದಕ್ಕೇನು, ಕನ್ನಡದ ಯಾವ ಶಬ್ದಕ್ಕೂ ಇರಲಿಲ್ಲ.

ಮಾರ್ಚಿನಲ್ಲಿ, ಖಂಡೋಬಾ ದೇವರ ಗುಡಿಯಿರುವ ಜೇಜುರಿ ಕಡೆಯ ಹೊಸ ಫಾರ್ಮೊಂದರ ಮೊಟ್ಟೆ ನಪಾಸಾಯಿತು. ನಪಾಸಾದರೆ ಪರೀಕ್ಷಿಸಿದವನೇ ಫೋನ್ ಮಾಡಿ ಕಾರಣ ಹೇಳಬೇಕೆಂಬುದು ನಿಯಮ. ಅವನು ಮರಾಠಿಯಲ್ಲಿ ಶುರು ಮಾಡಿದ. ಆ ಕಡೆಯ ಹೆಂಗಸು ಫೋನಿಗೆ ಅಂಗೈ ಅಡ್ಡ ಹಿಡಿದು, ಆದರೆ ಸಾಲದಷ್ಟು ಹಿಡಿದು, ಮನೆಯಲ್ಲಿ ಯಾರಿಗೋ ಹೇಳಿದಳು: "ತತ್ತಿ ಸರಿ ಇಲ್ಲಂತ. ತಾನರ ಒಂದ್ ಇಟ್ಟ್ ತೋರಸ್ಲಿ."

ಶಿವಪ್ರಕಾಶ ಮರಾಠಿ ಬಿಟ್ಟ. "ನನಗ ಇಡಾಕ ಬರೂದಿಲ್ರಿ ಅಕ್ಕಾರ," ಎಂದ. "ನೋಡಾಕ ಅಷ್ಟ ಬರ್ತದ."

"ಅಯ್ಯ ಶಿವನ, ನಮ್ಮವರೇನ್ರಿ," ಎಂದಳು ಅವಳು. ಅಥಣಿ ಕಡೆಯ ನಾಗವ್ವ. ಆಮೇಲೆ ನಲವತ್ತು ನಿಮಿಷ ಮಾತಾಡಿದರು, ಚಿಪ್ಪಿನ ಬಗ್ಗೆ. ಬಿಸಿಲಿಗೆ ಕೋಳಿ ತೇಕುತ್ತದೆ, ಮೇವು ಬಿಡುತ್ತದೆ, ಚಿಪ್ಪು ತೆಳುವಾಗುತ್ತದೆ. ತಣ್ಣೀರು ಕೊಡಬೇಕು, ಸಂಜೆಯ ಮೇವಿಗೆ ಸುಣ್ಣಕಲ್ಲಿನ ನುಚ್ಚು ಬೆರೆಸಬೇಕು. ಮರಾಠಿಯಲ್ಲಿ ಇದನ್ನು ಅವನು ನಾಲ್ಕು ವಾಕ್ಯದಲ್ಲಿ ಮುಗಿಸುತ್ತಿದ್ದ.

ಮುಂದಿನ ವಾರ ಚಿಪ್ಪು ಗಟ್ಟಿ, ಒಳಗಿನ ಹಳದಿ ಪೇಲವ. ಮತ್ತೆ ನಪಾಸು, ಮತ್ತೆ ಫೋನ್.

"ಖಂಡೋಬಾನ ಭಂಡಾರ ಮೇವಿನ್ಯಾಗ ಕಲಸೇನ್ರಿ," ಎಂದಳು ನಾಗವ್ವ. "ಇಷ್ಟ ಅರಿಷಿಣಕ್ಕ ದೇವ್ರ ಹಳದಿ ಆಗ್ಯಾನ, ಕೋಳಿಗೇನ್ ಧಾಡಿ?"

"ದೇವ್ರು ತತ್ತಿ ಇಡೂದಿಲ್ರಿ. ಗೋವಿನಜೋಳ ಹೆಚ್ಚ ಮಾಡ್ರಿ. ಚೆಂಡುಹೂವಿನ ಎಸಳ ಒಣಗಿಸಿ ಹಾಕ್ರಿ."

ಮೂರನೆಯ ವಾರ ಚಿಪ್ಪಿನ ನಡುವಿಗೆ ಬಳೆಯಂಥ ಗೆರೆ. ಮೊಟ್ಟೆ ಹೊಟ್ಟೆಯಲ್ಲಿದ್ದಾಗ ಕೋಳಿ ಬೆದರಿದ ಗುರುತು. ಅಮಾವಾಸ್ಯೆಗೆ ಬಂದ ಭಕ್ತರು ರಸ್ತೆಯುದ್ದಕ್ಕೂ ಹಲಗೆವಾದ್ಯ ಬಡಿದಿದ್ದರು. ರಸ್ತೆಯ ಕಡೆಗೆ ಗೋಣಿತಾಟು ಕಟ್ಟಲು ಅವನು ಹೇಳಿದ.

"ನಾಕನೇ ಸಲ ನಪಾಸಾದ್ರ ನಮ್ಮನ್ನ ಬಿಡ್ತಾರಂತಲ್ರಿ?"

"ಹೌದ್ರಿ."

"ಮನಿ ನಡಿಯೂದ ಇದರ ಮ್ಯಾಲರಿ," ಎಂದಳು ನಾಗವ್ವ. ಅವಳು ನಗದೆ ಮಾತಾಡಿದ್ದು ಅದೇ ಮೊದಲು.

ಮೊಟ್ಟೆ ಬರುತ್ತಿದ್ದದ್ದು ಮಂಗಳವಾರ. ಶಿವಪ್ರಕಾಶ ಮಂಗಳವಾರ ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳತೊಡಗಿದ್ದ, ಫೋನಿನಲ್ಲಿ ಗಡ್ಡ ಕಾಣುವುದಿಲ್ಲವೆಂದು ಗೊತ್ತಿದ್ದೂ.

ನಾಲ್ಕನೆಯ ಮಂಗಳವಾರ ಕತ್ತಲೆ ಕೋಣೆಯಲ್ಲಿ ಮೂವತ್ತು ಮೊಟ್ಟೆಗಳನ್ನು ಒಂದೊಂದಾಗಿ ದೀಪದ ಮುಂದೆ ಹಿಡಿದ. ಮೊಂಡು ತುದಿಯಲ್ಲಿ ಗಾಳಿಯ ಜಾಗ ಚಿಕ್ಕದು, ಅಂದರೆ ತಾಜಾ. ಚಿಪ್ಪು ನಯ. ಒಂದನ್ನು ಗಾಜಿನ ಮೇಲೆ ಒಡೆದ. ಬಿಳಿ ಲೋಳೆ ಹರಿಯಲಿಲ್ಲ, ಹಳದಿ ಚೆಂಡುಹೂವಿನಂತೆ ಎದ್ದು ನಿಂತಿತು. ನಿಯಮಕ್ಕೆ ಮೂರು ಒಡೆದರೆ ಸಾಕು. ಅವನು ಒಂಬತ್ತು ಒಡೆದ. ಒಂಬತ್ತನೆಯದರಲ್ಲಿ ಸಾಸಿವೆಯಷ್ಟು ರಕ್ತದ ಚುಕ್ಕೆ ಸಿಕ್ಕಿತು. ಒಳ್ಳೆಯ ಕೋಳಿಗೂ ಒಮ್ಮೊಮ್ಮೆ ಆಗುವಂಥದು. ನಪಾಸು ಮಾಡಬೇಕಿಲ್ಲ, ಮಾಡಿದರೆ ಕೇಳುವವರೂ ಇಲ್ಲ. ಇವತ್ತಿನ ನಲವತ್ತು ನಿಮಿಷ ಆ ಚುಕ್ಕೆಯಲ್ಲಿತ್ತು. ನಾಗವ್ವನ ಮನೆಯೂ.

"ಕಶೀ ಆಹೇತ?" ಹೇಗಿವೆ ಎಂದು ಕೇಳುತ್ತ ಗುಮಾಸ್ತ ಸ್ವಪ್ನಿಲ್ ಬಾಗಿಲಲ್ಲಿ ನಿಂತ.

ಶಿವಪ್ರಕಾಶ ಚುಕ್ಕೆಯನ್ನು ಇನ್ನೊಮ್ಮೆ ನೋಡಿದ. "ತತ್ತಿ ಚಲೋ ಅವ," ಎಂದ.

ಸ್ವಪ್ನಿಲ್‌ನಿಗೆ ಟಟ್ಟಿ ಮಾತ್ರ ಕೇಳಿಸಿತು. ಊಟದ ಹೊತ್ತಿಗೆ ಅದು ಇಡೀ ಶೆಡ್ಡಿಗೆ ಕೇಳಿಸಿತ್ತು. ಇಪ್ಪತ್ತಾರು ವರ್ಷದ ಹಿಂದಿನ ನಗುವೇ. ಹಲ್ಲುಗಳು ಮಾತ್ರ ಬೇರೆ.

ನಾಲ್ಕು ಗಂಟೆಗೆ ನಾಗವ್ವ ತಾನೇ ಫೋನ್ ಮಾಡಿದಳು. "ಯಾಕ್ರಿ, ಫೋನ್ ಬರಲಿಲ್ಲ. ಏನ್ ಕೆಟ್ಟದ?"

"ಏನೂ ಕೆಟ್ಟಿಲ್ರಿ. ಪಾಸ್."

"ಹಂಗಾರ ಇನ್ನ ನಿಮ್ಮ ಫೋನ್ ಬರೂದಿಲ್ಲ?"

"ಚಲೋ ತತ್ತಿಗೆ ಫೋನ್ ಮಾಡೂ ಪದ್ಧತಿ ಇಲ್ರಿ."

"ಭಾಳ ಚಲೋ ಆತು ನೋಡ್ರಿ," ಎಂದಳು ನಾಗವ್ವ, ಮನಸಾರೆ. "ಮಂಗಳವಾರ ಬಂತಂದ್ರ ಹೊಟ್ಯಾಗ ಬೆಂಕಿ ಬೀಳ್ತಿತ್ತ ನನಗ. ಇಡ್ತೇನ್ರಿ."

ಮುಂದಿನ ಮಂಗಳವಾರ ಅವನು ಗಡ್ಡ ಬೋಳಿಸಿಕೊಳ್ಳಲಿಲ್ಲ. ಜೇಜುರಿಯ ಮೊಟ್ಟೆ ಬಂದವು. ಚಲೋ ಇದ್ದವು.