ಸಾಕಿದವಳ ಹೆಸರು

ಮಾರ್ಸೆಲ್ ಥೆರಿಯೋ ಅವರ ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾದದ್ದು ೧೯೮೬ರ ಚಳಿಗಾಲ ಮುಗಿಯುತ್ತಿದ್ದಾಗ. ಸೌದಿ ಅರೇಬಿಯದ ಬೆಟ್ಟದೂರು ಅಭಾದ ಒಂದು ಆಸ್ಪತ್ರೆಯಲ್ಲಿ ಅವರು ನರ್ಸುಗಳ ಮೇಲ್ವಿಚಾರಕಿ. ಕೆನಡಾದವರು, ಅದರಲ್ಲೂ ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದವರು. ಮದುವೆಯಾಗಿರಲಿಲ್ಲ. ವಾರ್ಡಿನಲ್ಲಿ ಅವರ ಚಪ್ಪಲಿಯ ಸದ್ದು ಕೇಳಿದರೆ ಹುಡುಗಿಯರು ಟೊಪ್ಪಿ ಸರಿಮಾಡಿಕೊಳ್ಳುತ್ತಿದ್ದರು. ಅಂಥವರು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹಾಸ್ಟೆಲಿನ ಕೋಣೆಯಲ್ಲಿ ಕೂರಬೇಕಾಯಿತು. ಇನ್ನೊಂದು ಕಣ್ಣಿಗೂ ಆಯಾಸ ಕೊಡಬಾರದು, ಓದಲೇಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು.

ಪಕ್ಕದ ಕೋಣೆಯಲ್ಲಿದ್ದವಳು ಮಂಗಳೂರು ಕಡೆಯ ಹಳೆಯಂಗಡಿಯ ವಾರಿಜಾಕ್ಷಿ. ಮಕ್ಕಳ ವಾರ್ಡಿನ ನರ್ಸು. ಒಂದು ಮಧ್ಯಾಹ್ನ ಗಂಜಿ ಕೊಡಲು ಹೋದವಳನ್ನು ಮಾರ್ಸೆಲ್ ತಡೆದು ಕೂರಿಸಿದರು.

"ನಿನಗೆ ಎಬಿಸಿಡಿ ಗೊತ್ತಲ್ಲ? ಅಷ್ಟು ಸಾಕು. ಆ ಲಕೋಟೆ ತೆಗಿ."

ಲಕೋಟೆಯನ್ನು ಕಳಿಸಿದವರು ಅವರ ತಂಗಿ. ಒಳಗೆ ಹಳೆಯ ಚರ್ಚುಗಳ ದಾಖಲೆ ಪುಸ್ತಕಗಳ ನಕಲು ಹಾಳೆಗಳಿದ್ದವು. ಕಪ್ಪು ಹಾಳೆಯ ಮೇಲೆ ಬಿಳಿ ಅಕ್ಷರ. ಜ್ಞಾನಸ್ನಾನ, ಮದುವೆ, ಮಣ್ಣು ಮಾಡಿದ್ದು, ಎಲ್ಲ ಪಾದ್ರಿಗಳ ಕೈಬರಹದಲ್ಲಿ. ಅಕ್ಕತಂಗಿಯರಿಬ್ಬರೂ ಸೇರಿ ತಮ್ಮ ವಂಶ ಹುಡುಕುತ್ತಿದ್ದರು. ತಂಗಿ ಅಲ್ಲಿ ದಾಖಲೆಗಳ ಕಚೇರಿಗೆ ಹೋಗಿ ನಕಲು ಮಾಡಿಸುವುದು, ಅಕ್ಕ ಇಲ್ಲಿ ಓದಿ ಮುಂದಿನ ಹೆಸರು ತಿಳಿಸುವುದು. ಫ್ರೆಂಚರ ಆ ದಾಖಲೆಗಳಲ್ಲಿ ಮದುವೆಯ ಪುಟದಲ್ಲಿ ಗಂಡು ಹೆಣ್ಣು ಇಬ್ಬರ ತಂದೆತಾಯಿಯ ಹೆಸರೂ ಇರುತ್ತದಂತೆ. ಒಂದು ಮದುವೆ ಸಿಕ್ಕರೆ ಅದರ ಹಿಂದಿನ ತಲೆಮಾರಿಗೆ ಬಾಗಿಲು ತೆರೆದ ಹಾಗೆ.

"ಭಾಷೆ ಗೊತ್ತಿಲ್ಲದೆ ಹೇಗೆ ಓದುವುದು ಮೇಡಂ?"

"ನೀನು ಓದಬೇಡ. ಅಕ್ಷರ ಹೇಳು. ಓದುವವಳು ನಾನು."

ಹಾಗೆ ಶುರುವಾಯಿತು. ಡ್ಯೂಟಿ ಮುಗಿಸಿ ಬಂದು ವಾರಿಜಾಕ್ಷಿ ಕಿಟಕಿಯ ಬಳಿ ಕೂತು ಒಂದೊಂದೇ ಅಕ್ಷರ ಹೇಳುತ್ತಿದ್ದಳು. ಕಣ್ಣು ಮುಚ್ಚಿಕೊಂಡ ಮಾರ್ಸೆಲ್ ಅವುಗಳನ್ನು ಜೋಡಿಸಿ ಶಬ್ದ ಮಾಡುತ್ತಿದ್ದರು. ಹೊರಗೆ ಬೆಟ್ಟದ ಮಂಜು ಏರಿಬಂದು ಕಾಗದ ಮಸುಕಾದರೆ ದೀಪ ಹಾಕಬೇಕಾಗುತ್ತಿತ್ತು. ಪಾದ್ರಿಗಳ ಯು ಮತ್ತು ಎನ್ ಒಂದೇ ತರ ಇರುತ್ತಿದ್ದವು. ತಪ್ಪಾದರೆ ಮಾರ್ಸೆಲ್, "ಅಂಥ ಹೆಸರಿನ ಮನುಷ್ಯ ಭೂಮಿಯ ಮೇಲೆ ಹುಟ್ಟಿಲ್ಲ, ಮತ್ತೆ ನೋಡು," ಎಂದು ನಗುತ್ತಿದ್ದರು. ವಾರ್ಡಿನಲ್ಲಿ ಅವರು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಬರಬರುತ್ತ ಕೆಲವು ಶಬ್ದಗಳು ವಾರಿಜಾಕ್ಷಿಗೂ ಪರಿಚಯವಾದವು. ಎಫ್, ಐ, ಎಲ್, ಎಸ್ ಎಂದರೆ ಮಗ. ಹೆಸರಿನ ಮುಂದೆ ಎಫ್, ಇ, ಯು ಬಂದರೆ ತೀರಿಕೊಂಡವರು.

ಹೀಗೆ ಹಿಂದೆ ಹಿಂದೆ ಹೋಗುತ್ತ ಜೋಸೆಫ್ ಥೆರಿಯೋ ಎಂಬವನ ಮದುವೆಯ ಪುಟ ಬಂತು. ಅಪ್ಪ ಅಮ್ಮ ಇಬ್ಬರ ಹೆಸರಿನ ಮುಂದೆಯೂ ತೀರಿಕೊಂಡವರೆಂಬ ಗುರುತು. ಊರು ಅಕಾಡಿಯ. ಮಾರ್ಸೆಲ್ ಎದ್ದು ಕೂತರು. ಪೂರ್ವ ಕರಾವಳಿಯ ಅಕಾಡಿಯದ ಫ್ರೆಂಚ್ ರೈತರನ್ನು ಇನ್ನೂರು ವರ್ಷಗಳಿಗೂ ಹಿಂದೆ ಇಂಗ್ಲಿಷರ ಸೈನ್ಯ ಊರು ಬಿಡಿಸಿ ಓಡಿಸಿತ್ತು, ಕ್ವಿಬೆಕ್‌ಗೆ ತಪ್ಪಿಸಿಕೊಂಡು ಬಂದವರಲ್ಲಿ ಎಷ್ಟೋ ಜನ ಸಿಡುಬಿಗೆ ಬಲಿಯಾದರು ಎಂದು ವಿವರಿಸಿದರು. "ಅಂದರೆ ಈ ಹುಡುಗ ಅನಾಥ. ಮುಂದೆ ಏನಿದೆ?"

"ಇ, ಎಲ್, ಇ, ವಿ, ಇ... ಆಮೇಲೆ ಸಿ, ಎಚ್, ಇ, ಜ಼ಡ್..."

ಮಾರ್ಸೆಲ್ ಆ ಅಕ್ಷರಗಳನ್ನು ಬಾಯಲ್ಲೇ ಜೋಡಿಸಿದರು. "ಸಾಕಿ ಬೆಳೆಸಿದ್ದು. ಯಾರ ಮನೆಯಲ್ಲಿ? ಹೇಳು, ಹೇಳು."

ಮಾರ್ಗರೀತ್ ಉವೆಲೆ ಎಂಬ ವಿಧವೆಯ ಮನೆಯಲ್ಲಿ. ಪಾದ್ರಿ ಆ ಸಾಲನ್ನು ಬರೆಯಲೇಬೇಕೆಂದಿರಲಿಲ್ಲ, ಆದರೂ ಬರೆದಿದ್ದ. ಆಕೆ ಹುಡುಗನಿಗೆ ಸಂಬಂಧಿಯಲ್ಲ, ಆ ಕಡೆಯವಳೂ ಅಲ್ಲ. ತಂಗಿಗೆ ತಿಳಿಸಿ ಇನ್ನಷ್ಟು ನಕಲು ತರಿಸಿದರು. ಜೋಸೆಫ್ ತನ್ನ ಮೊದಲ ಮಗಳಿಗೆ ಮಾರ್ಗರೀತ್ ಎಂದೇ ಹೆಸರಿಟ್ಟಿದ್ದ. ವಿಧವೆಯನ್ನು ಮಣ್ಣು ಮಾಡಿದ ದಿನದ ಪುಟದಲ್ಲಿ ಸಾಕ್ಷಿಯಾಗಿ ನಿಂತವನೂ ಅವನೇ. ಅವನಿಗೆ ಸಹಿ ಮಾಡಲು ಬರುತ್ತಿರಲಿಲ್ಲವೆಂದು ಪಾದ್ರಿ ಬರೆದಿದ್ದ.

"ನನ್ನ ಅಜ್ಜಿಯೂ ಮಾರ್ಗರೀತ್," ಎಂದರು ಮಾರ್ಸೆಲ್. "ಪ್ರತಿ ತಲೆಮಾರಿನಲ್ಲೂ ಒಬ್ಬಳಿದ್ದಾಳೆ. ಯಾಕೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ." ಪಟ್ಟಿ ಬಿಚ್ಚಿದ ಮೇಲೆ ಅವರು ವಂಶದ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಜೋಸೆಫನ ತಂದೆತಾಯಿಯ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಆ ವಿಧವೆಯ ಹೆಸರನ್ನು ಬರೆದರು. "ರಕ್ತ ಸಂಬಂಧ ಇಲ್ಲದವರಿಗೆ ಇದರಲ್ಲಿ ಜಾಗ ಇಲ್ಲ ಅಂತಾಳೆ ತಂಗಿ. ಈಕೆ ಬಾಗಿಲು ತೆರೆಯದಿದ್ದರೆ ಕೆಳಗಿನ ಒಂದು ಹೆಸರೂ ಇರುತ್ತಿರಲಿಲ್ಲ. ನಾನೂ ಇರುತ್ತಿರಲಿಲ್ಲ. ಆದರೆ ಯಾಕೆ ತೆರೆದಳು, ಅದನ್ನು ಯಾವ ಪಾದ್ರಿಯೂ ಬರೆದಿಲ್ಲ."

ಅಭಾಕ್ಕೆ ಬಂದ ಮೇಲೆ ಯಾರಿಗೂ ಹೇಳದೆ ಇದ್ದುದನ್ನು ವಾರಿಜಾಕ್ಷಿ ಆವತ್ತು ಹೇಳಿದಳು.

ಅವಳ ತಾಯಿ ಅಮ್ಮಣ್ಣಿ ಬಾಣಂತಿ ಜ್ವರದಲ್ಲಿ ತೀರಿಕೊಂಡಾಗ ಮಗುವಿಗೆ ಇನ್ನೂ ಹೊಕ್ಕುಳು ಒಣಗಿರಲಿಲ್ಲ. ತಂದೆ ನೋಣಯ ಬೊಂಬಾಯಿಗೆ ಹೋಗಿ ಅಲ್ಲೇ ಇನ್ನೊಂದು ಸಂಸಾರ ಮಾಡಿದ. ಪಕ್ಕದ ಮನೆ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳದ್ದು. ಅಲ್ಲಿ ಖತೀಜಮ್ಮ ಎಂಬವರ ಹಸುಗೂಸು ಅದೇ ಮಳೆಗಾಲದಲ್ಲಿ ಹೋಗಿತ್ತು. ಅವರು ಬೇಲಿ ದಾಟಿ ಬಂದು ಮಗುವನ್ನು ಎತ್ತಿಕೊಂಡು ಎದೆಗೆ ಇಟ್ಟುಕೊಂಡರು, ಮತ್ತೆ ಇಳಿಸಲಿಲ್ಲ. ಹೆಸರು ಮಾತ್ರ ಬದಲಿಸಲಿಲ್ಲ. ವಾರಿಜಾಕ್ಷಿ ಎಂಬುದು ಅಮ್ಮಣ್ಣಿ ಬಸುರಿಯಾಗಿದ್ದಾಗಲೇ ಆಸೆಪಟ್ಟು ಹೇಳಿದ ಹೆಸರು. ತುಳುವರ ಹೊಸವರ್ಷವಾದ ಬಿಸುವಿಗೆ ದೇವರ ಮುಂದೆ ಹಣ್ಣುಕಾಯಿಯ ಕಣಿ ಇಡಲು ನೋಣಯನ ಅಕ್ಕನ ಮನೆಗೆ ಕಳಿಸುವವರೂ ಖತೀಜಮ್ಮನೇ, ಸಂಜೆ ಹುಡುಗಿ ವಾಪಸಾಗುವ ತನಕ ಕಟ್ಟೆಯ ಮೇಲೆ ಕೂತು ಕಾಯುವವರೂ ಅವರೇ. ಮಂಗಳೂರಿನ ನರ್ಸಿಂಗ್ ಶಾಲೆಯ ಬಾಗಿಲವರೆಗೆ ಕೈಹಿಡಿದು ಕರೆದುಕೊಂಡು ಹೋದವರೂ ಅವರು.

"ಅವರನ್ನು ನೀನು ಏನಂತ ಕರೆಯುತ್ತೀ?"

"ಉಮ್ಮ," ಎಂದಳು ವಾರಿಜಾಕ್ಷಿ. "ಅಂದರೆ ಅಮ್ಮ."

ಜೂನ್ ತಿಂಗಳಲ್ಲಿ ಆಸ್ಪತ್ರೆಯ ಔಷಧಿ ಸ್ಟೋರಿನ ಅಬ್ದುಲ್ ಜಲೀಲ್ ರಜೆ ಮುಗಿಸಿ ಊರಿನಿಂದ ಬಂದ. ಅವನೂ ಹಳೆಯಂಗಡಿಯ ಕಡೆಯವನೇ. ಬಂದವನು ನೇರ ಮಕ್ಕಳ ವಾರ್ಡಿಗೆ ಬಂದು ಬಾಗಿಲಲ್ಲೇ ನಿಂತು ಕೂಗಿದ.

"ವಾರಿಜಕ್ಕಾ, ಸಿಹಿ ಕೊಡಿ ಮಾರಾಯ್ರೆ! ನಿಮ್ಮ ಖತೀಜಮ್ಮ ಈ ಸಲ ಹಜ್ಜಿಗೆ ಬರ್ತಾರೆ. ತಮ್ಮ ಹಸನ್ ಕುಂಞಿಯ ಒಟ್ಟಿಗೆ."

"ಜಲೀಲಣ್ಣ, ನಿಜವಾ? ನನಗೆ ಎಂತಕ್ಕೆ ಬರೀಲಿಲ್ಲ?"

"ಪಾಸ್‌ಪೋರ್ಟ್ ಕೈಗೆ ಸಿಗುವ ತನಕ ಹೇಳ್ಬೇಡ ಅಂದಿದ್ರು. ಆಸೆ ಹುಟ್ಟಿಸಿ ಮಗಳನ್ನು ಅಳಿಸುದು ಯಾಕೆ ಅಂತ."

ಮುಸ್ಲಿಮರಲ್ಲದವರಿಗೆ ಪ್ರವೇಶವಿಲ್ಲದ ಮಕ್ಕಾಕ್ಕೆ ಅವಳು ಹೋಗುವಂತಿಲ್ಲ. ಆದರೆ ಜಿದ್ದಾದಲ್ಲಿ ವಿಮಾನ ಇಳಿಯುವಾಗ ನೋಡಬಹುದು. ಆಗ ಯಾರಿಗೂ ರಜೆ ಸಿಗುವ ಕಾಲವಲ್ಲ. ಹಜ್ಜಿನ ದಿನಗಳಲ್ಲಿ ಹತ್ತಿರದ ಸಂಬಂಧಿಕರ ಕಾರಣಕ್ಕಷ್ಟೇ ಕೊಡುತ್ತಿದ್ದರು. ವಾರಿಜಾಕ್ಷಿ ಅರ್ಜಿಯಲ್ಲಿ ತಾಯಿ ಎಂದು ಬರೆದಳು. ಕಚೇರಿಯ ಮುಝಫ್ಫರ್ ಫೈಲು ತಿರುವಿ ಪೇಚಾಡಿದ.

"ಸಿಸ್ಟರ್, ಇದರಲ್ಲಿ ನಿಮ್ಮ ತಾಯಿ ತೀರಿಕೊಂಡಿದ್ದಾರೆ ಅಂತ ಇದೆ. ನಿಮ್ಮ ಹೆಸರು ಹಿಂದೂ, ಇವರ ಹೆಸರು ಮುಸ್ಲಿಂ. ನಾನು ಹೇಗೆ ಮುಂದೆ ಕಳಿಸಲಿ?"

ಅವಳ ಜೊತೆಗೆ ಬಂದಿದ್ದ ಮಾರ್ಸೆಲ್ ಅರ್ಜಿಯನ್ನು ಅವನ ಕೈಯಿಂದ ತೆಗೆದುಕೊಂಡು, ವಾರಿಜಾಕ್ಷಿಯನ್ನು ಕರೆದುಕೊಂಡು ಮುದೀರರ ಕೋಣೆಗೆ ಹೋದರು. ಮುದೀರ್ ಎಂದರೆ ಆಸ್ಪತ್ರೆಯ ನಿರ್ದೇಶಕರು, ಅಸೀರ್ ಬೆಟ್ಟದ ಕಡೆಯ ವಯಸ್ಸಾದ ಸೌದಿ. ಮಾರ್ಸೆಲ್ ವಾದಕ್ಕೆ ಸಿದ್ಧರಾಗಿಯೇ ಬಂದಿದ್ದರು. ಸಾಕಿದವಳೂ ತಾಯಿಯೇ ಎಂದು ಶುರುಮಾಡಿದರು. ಮುದೀರರು ಕೈಯೆತ್ತಿ ತಡೆದು ವಾರಿಜಾಕ್ಷಿಯನ್ನು ಕೇಳಿದರು:

"ಆಕೆ ನಿನಗೆ ಹಾಲೂಡಿಸಿದ್ದಾರೆಯೇ?"

"ಹೌದು ಸರ್. ಎರಡು ವರ್ಷ ತುಂಬುವ ತನಕ ಅಂತ ಹೇಳ್ತಾರೆ."

"ಹಾಗಾದರೆ ಅವರು ನಿನ್ನ ತಾಯಿ. ಸಾಕಿದವರು ಎಂದು ಯಾಕೆ ಹೇಳುತ್ತೀರಿ? ಹಾಲು ಕೊಟ್ಟವಳು ತಾಯಿ, ಅವಳ ತಮ್ಮ ನಿನಗೆ ಮಾವ. ಇದು ನಮ್ಮ ಧರ್ಮದ ಕಾನೂನು." ಅವರು ಸಹಿ ಹಾಕಿದರು. ವಿಮಾನ ನಿಲ್ದಾಣದವರಿಗೂ ಒಂದು ಪತ್ರ ಬರೆಸಿಕೊಟ್ಟು, "ನನಗಾಗಿ ದುವಾ ಮಾಡಲು ನಿನ್ನ ತಾಯಿಗೆ ಹೇಳು," ಎಂದರು.

ಕೋಣೆಯಿಂದ ಹೊರಗೆ ಬಂದ ಮೇಲೆ ಮಾರ್ಸೆಲ್ ಗೋಡೆಗೆ ಒರಗಿ ನಿಂತುಬಿಟ್ಟರು. "ಆ ವಿಧವೆಯ ಹೆಸರಿಗಾಗಿ ಇಷ್ಟು ತಿಂಗಳು ನಾನು ತಂಗಿಯ ಹತ್ತಿರ ಜಗಳವಾಡಿದ್ದೇನೆ," ಎಂದರು. "ಈ ಮನುಷ್ಯ ಒಂದೇ ಪ್ರಶ್ನೆ ಕೇಳಿದ."

ಜಿದ್ದಾಕ್ಕೆ ಮಾರ್ಸೆಲ್ ಕೂಡ ಬಂದರು. ಕಣ್ಣಿನ ಪರೀಕ್ಷೆಯ ನೆಪ ಹೇಳಿದರಾದರೂ ನೋಡಬೇಕಾಗಿದ್ದದ್ದು ಖತೀಜಮ್ಮನನ್ನೇ. ಯಾತ್ರಿಕರ ನಿಲ್ದಾಣದಲ್ಲಿ ದೊಡ್ಡ ಬಿಳಿ ಡೇರೆಗಳಂಥ ಮಾಡಿನ ಕೆಳಗೆ ಸಾವಿರಾರು ಜನ. ಸೆಖೆಯಲ್ಲಿ ಬೆವರುತ್ತ ಇಬ್ಬರೂ ಹುಡುಕಿದರು. ಮೊದಲು ಕಂಡದ್ದು ಎರಡು ಬಿಳಿ ಬಟ್ಟೆ ಸುತ್ತಿಕೊಂಡ ಹಸನ್ ಕುಂಞಿ. ಅವರ ಹಿಂದೆ, ಗಂಟಿನ ಮೇಲೆ ಕೂತ ಖತೀಜಮ್ಮ.

"ಉಮ್ಮಾ!"

ಖತೀಜಮ್ಮ ಎದ್ದು ಅವಳ ಮುಖವನ್ನು ಎರಡೂ ಕೈಯಿಂದ ಹಿಡಿದು ನೋಡಿದರು. "ಎಂತ ಮಗಳೇ ಇಷ್ಟು ಸಪೂರ ಆಗಿದ್ದಿ? ಅಲ್ಲಿ ಮೀನು ಸಿಕ್ಕುದಿಲ್ವಾ?" ಎಂದು ಕೇಳಿ, ಆಮೇಲೆ ಅತ್ತರು. ವಾರಿಜಾಕ್ಷಿ ಮುದೀರರ ಮಾತನ್ನು ಹೇಳಿದಳು, ಮಾರ್ಸೆಲ್ ಯಾರೆಂದು ಹೇಳಿದಳು. ಖತೀಜಮ್ಮ ಮಾರ್ಸೆಲ್‌ರನ್ನು ಎಳೆದು ತಮ್ಮ ಪಕ್ಕದಲ್ಲೇ ಗಂಟಿನ ಮೇಲೆ ಕೂರಿಸಿಕೊಂಡರು.

ಮಾರ್ಸೆಲ್ ತಮ್ಮ ಪ್ರಶ್ನೆಯನ್ನು ಕೇಳಿಯೇಬಿಟ್ಟರು. ವಾರಿಜಾಕ್ಷಿ ನಾಚುತ್ತ ಅದನ್ನು ತಿರುಗಿಸಿ ಹೇಳಿದಳು. "ಬೇರೆಯವರ ಮಗುವನ್ನು ಯಾಕೆ ಎತ್ತಿಕೊಂಡಿರಿ ಅಂತ ಕೇಳ್ತಾರೆ, ಉಮ್ಮ."

"ಇದೆಂತ ಕೇಳುದು ಇವರು? ಮಗು ಅಳ್ತಿತ್ತು."

ಅದನ್ನು ಇಂಗ್ಲಿಷಿನಲ್ಲಿ ಕೇಳಿದ ಮಾರ್ಸೆಲ್ ತಲೆಯಾಡಿಸಿದರು. ಖತೀಜಮ್ಮನ ಕೈ ಹಿಡಿದುಕೊಂಡವರು ಬಹಳ ಹೊತ್ತು ಬಿಡಲಿಲ್ಲ.

ಮಕ್ಕಾದ ಬಸ್ಸಿಗೆ ಕರೆ ಬಂತು. ಹಸನ್ ಕುಂಞಿ ಗಂಟು ಎತ್ತಿಕೊಂಡರು. ಖತೀಜಮ್ಮ ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿ ಬಂದರು.

"ವಾರಿಜ, ಅಲ್ಲಿ ನಿನ್ನ ಹೆಸರು ಹೇಳ್ತೇನೆ. ರಜೆ ಕೊಟ್ಟ ಆ ದೊಡ್ಡ ಡಾಕ್ಟರರದ್ದು, ಈ ಅಮ್ಮನದ್ದು ಕೂಡ. ಅಮ್ಮಣ್ಣಿಯನ್ನೂ ನೆನೀತೇನೆ. ನನ್ನ ಮಡಿಲು ಖಾಲಿಯಾದಾಗ ಅವಳು ನಿನ್ನನ್ನು ಕೊಟ್ಟು ಹೋದಳಲ್ಲ. ಅವಳಿಗೆ ಒಂದು ಮಾತು ಹೇಳ್ಲಿಕ್ಕೆ ನನಗೆ ಆಗಿರ್ಲಿಲ್ಲ."

ವಾರಿಜಾಕ್ಷಿ ಇಷ್ಟು ವರ್ಷ ತಾನೊಬ್ಬಳೇ ಋಣಿ ಎಂದುಕೊಂಡಿದ್ದಳು. ಅವಳು ಉಮ್ಮನ ಕೈಗಳನ್ನು ಕಣ್ಣಿಗೊತ್ತಿಕೊಂಡಳು. ಬಸ್ಸು ಹೊರಟಾಗ ಖತೀಜಮ್ಮ ಕಿಟಕಿಯ ಗಾಜಿಗೆ ಅಂಗೈ ಒತ್ತಿ ಹಿಡಿದಿದ್ದರು. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ವಾರಿಜಾಕ್ಷಿ ಕೈ ಬೀಸುತ್ತಲೇ ಇದ್ದಳು.