ಪುರಿಭಟ್ಟಿಯ ಎರಡು ಕ್ಯಾಮೆರಾ

ಹಸ್ತೆ ಮಳೆ ಹಿಡಿದೂ ಹಿಡಿಯದ ಹಾಗೆ ಹನಿಯುತ್ತಿದ್ದ ದಿನಗಳು. ಊರುಗಳ ಕಡೆ ಬತ್ತ ಹೊಡೆ ತುಂಬಿ ನಿಂತಿತ್ತು. ಮೈಸೂರಿನ ನಜರ್‌ಬಾದಿನ ಒಂದು ಓಣಿಯೊಳಗೆ ಹೋದ ವರ್ಷದ ಬತ್ತ ಕಡಲೆಪುರಿಯಾಗಿ ಸಿಡಿಯುತ್ತಿತ್ತು. ಆಯುಧಪೂಜೆ ಹತ್ತಿರ ಬಂತೆಂದರೆ ಪುರಿಭಟ್ಟಿಗೆ ಸುಗ್ಗಿ. ಗ್ಯಾರೇಜಿನವರು, ಬಸ್ಸಿನವರು, ಹೊಲಿಗೆ ಅಂಗಡಿಯವರು, ಯಾರೇ ಆಗಲಿ ತಮ್ಮ ಸಲಕರಣೆಗೆ ಕುಂಕುಮ ಇಟ್ಟ ಮೇಲೆ ಬಂದವರ ಕೈಗೆ ಒಂದು ಬೊಗಸೆ ಪುರಿ ಹಾಕಲೇಬೇಕು. ಹಾಗಾಗಿ ಬೆಳಗಾಗುವ ಮೊದಲೇ ಹೊಟ್ಟಿನ ಒಲೆ ಹೊತ್ತಿಕೊಳ್ಳುತ್ತಿತ್ತು. ಬಾಣಲೆಯ ಮರಳು ಕಾದ ಮೇಲೆ ಮುದ್ದಮ್ಮ ಅದರೊಳಕ್ಕೆ ಪುರಿಯಕ್ಕಿ ಎರಚಿ ಕಡ್ಡಿಪೊರಕೆ ಆಡಿಸುವಳು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬಾಣಲೆ ಬೆಳ್ಳಗೆ ತುಂಬಿಕೊಂಡು ಬರುವುದು.

"ಜರಡಿ ಹಿಡೀರವ್ವ, ಸೀದು ಹೋದಾತು!" ಎಂದು ಅವಳು ಕೂಗುವುದು ಮುಂದಿನ ಅಂಗಡಿಯಲ್ಲಿ ಕೂತ ಸರ್ವಮಂಗಳಾಗೂ ಕೇಳುತ್ತಿತ್ತು.

ಭಟ್ಟಿಯೂ ಅಂಗಡಿಯೂ ಸರ್ವಮಂಗಳಾಳ ಮಾವ ಪ್ರಭುಸ್ವಾಮಿಯವರದು. ಹುಡುಗನಾಗಿದ್ದಾಗ ತಲೆಯ ಮೇಲೆ ಪುರಿಮೂಟೆ ಹೊತ್ತು ಬೀದಿ ಸುತ್ತಿ, ಆಮೇಲೆ ತಾವೇ ಇಟ್ಟಿಗೆ ಇಟ್ಟು ಒಲೆ ಕಟ್ಟಿ ಬೆಳೆದವರು. ಒಲೆಯ ಹೊಗೆ ಅವರ ಎದೆಯಲ್ಲೇ ಮನೆ ಮಾಡಿಕೊಂಡಿತು. ಇನ್ನು ಭಟ್ಟಿಯ ಹೊಸಿಲು ತುಳಿಯಕೂಡದು ಎಂದು ಡಾಕ್ಟರು ಯುಗಾದಿ ಕಳೆದ ಮೇಲೆ ಖಡಾಖಂಡಿತ ಹೇಳಿದರು. ಮಗ ಸುಂದರೇಶ ಬ್ಯಾಂಕಿನ ಗುಮಾಸ್ತ, ಅವನಿಗೆ ಪುರಿ ತಿನ್ನುವುದಷ್ಟೇ ಗೊತ್ತು. ಅಲ್ಲಿಂದಾಚೆ ವಿದ್ಯಾರಣ್ಯಪುರಂನ ಮನೆಯಿಂದ ದಿನಾ ಬೆಳಿಗ್ಗೆ ಅಂಗಡಿಗೆ ಬರುವವಳು ಸೊಸೆ ಸರ್ವಮಂಗಳಾ.

ಅವಳು ಬಂದ ಮೇಲೆ ಭಟ್ಟಿಯಲ್ಲಿ ಒಂದು ಬದಲಾವಣೆ ಆಗಿತ್ತು. ಮೂರು ಒಲೆಗಳಲ್ಲಿ ಮೂಲೆಯದೊಂದನ್ನು ಒಡೆಸಿ, ಆ ಜಾಗದಲ್ಲಿ ಗ್ಯಾಸಿನಿಂದ ಕಾಯುವ, ಕರೆಂಟಿನಿಂದ ತಿರುಗುವ ಪುರಿ ಮೆಷಿನ್ನು ತಂದು ನಿಲ್ಲಿಸಿದ್ದಳು. ಗಂಡನಿಗೆ ಹೇಳಿದ್ದಳು. ಮಾವನಿಗೆ ಹೇಳಿರಲಿಲ್ಲ. "ಮೆಷಿನ್ ಪುರಿ ತಿನ್ನೋದೂ ಒಂದೇ, ಕಾಗದ ತಿನ್ನೋದೂ ಒಂದೇ" ಎಂದು ಅವರು ಎಷ್ಟು ಜನರ ಮುಂದೆ ಹೇಳಿದ್ದರೋ ಲೆಕ್ಕವಿಲ್ಲ. ಗೊತ್ತಾದರೆ ತೆಗೆಸು ಅನ್ನುತ್ತಾರೆ. ಅವರು ತೆಗೆಸು ಅಂದರೆ ತೆಗೆಸಲೇಬೇಕು. ತೆಗೆಸಿದ ಮೇಲೆ ತಾನು ಆ ಅಂಗಡಿಯಲ್ಲಿ ಅವರು ಬಿಟ್ಟು ಹೋದ ಜಾಗ ಕಾಯುವವಳು, ಅಷ್ಟೆ. ಈ ಯೋಚನೆ ಅವಳಿಗೆ ಅಕ್ಕಿಯೊಳಗಿನ ಕಲ್ಲಿನಂತೆ ಆಗಾಗ ಹಲ್ಲಿಗೆ ಸಿಗುತ್ತಿತ್ತು.

ಹೀಗಿರುವಾಗ ಶ್ರಾವಣದಲ್ಲಿ ಯಾರೋ ಹೆಂಚು ಇಳಿಸಿ ತಕ್ಕಡಿಯನ್ನೂ ಕೆಲವು ಮೂಟೆ ಅಕ್ಕಿಯನ್ನೂ ಹೊತ್ತುಕೊಂಡು ಹೋದರು. ಕ್ಯಾಮೆರಾ ಹಾಕಿಸಿ ಎಂದು ಓಣಿಯವರೆಲ್ಲ ಹೇಳಿದರು. ಸುಂದರೇಶನ ಪರಿಚಯದ ಗುರುಕಿರಣ್ ಎಂಬಾತ ಒಂದು ಸಂಜೆ ಎರಡು ಡಬ್ಬ ಹಿಡಿದು ಮನೆಗೇ ಬಂದ. ಕಾಫಿ ಕುಡಿದು ಡಬ್ಬ ಬಿಚ್ಚಿದ.

"ನೋಡಿ, ಇದು ಅನಲಾಗ್. ಕ್ಯಾಮೆರಾದಿಂದ ತಂತಿ ಎಳೆದು ಒಂದು ಪೆಟ್ಟಿಗೆಗೆ ಸೇರಿಸ್ತೀವಿ, ಪೆಟ್ಟಿಗೆಯಿಂದ ಟಿವಿಗೆ. ರೆಕಾರ್ಡೂ ಆಗುತ್ತೆ. ಆದ್ರೆ ಅಂಗಡೀಲಿ ಕೂತವರಿಗೆ ಮಾತ್ರ ಕಾಣೋದು. ಇದು ನೆಟ್‌ವರ್ಕ್ ಕ್ಯಾಮೆರಾ. ಎರಡೂ ಕಡೆ ಬ್ರಾಡ್‌ಬ್ಯಾಂಡ್ ಇದ್ರೆ ಸಾಕು, ಇಲ್ಲೇ ಈ ಕಂಪ್ಯೂಟರಲ್ಲೇ ಭಟ್ಟಿ ಕಾಣುತ್ತೆ. ರೇಟು ಮಾತ್ರ ಮೂರು ಪಟ್ಟು."

ಗೋಡೆಗೆ ಒರಗಿ ಕೂತಿದ್ದ ಪ್ರಭುಸ್ವಾಮಿ ಶಾಲು ಸರಿಮಾಡಿಕೊಂಡು ನೆಟ್ಟಗಾದರು.

"ಇಲ್ಲೇ ಕಾಣುತ್ತಾ? ಈಗ ಏನ್ ನಡೀತಾ ಐತೋ ಅದೇ?"

"ಅದೇ ಯಜಮಾನ್ರೇ. ಮುದ್ದಮ್ಮ ಆಕಳಿಸಿದ್ರೂ ಕಾಣುತ್ತೆ."

"ಅವಳು ಆಕಳಿಸೋದು ಇಲ್ಲಿಗೆ ಕೇಳ್ಸುತ್ತೆ ಬುಡು," ಎಂದು ಮುದುಕರು ನಕ್ಕರು. ಯುಗಾದಿಯಿಂದೀಚೆಗೆ ಅವರು ಹಾಗೆ ನಕ್ಕಿದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಸರ್ವಮಂಗಳಾ ಕಾಫಿ ಲೋಟ ಎತ್ತಿಕೊಳ್ಳುತ್ತಾ, "ಕಳ್ಳನ್ನ ಹಿಡಿಯೋಕೆ ಟಿವೀದೇ ಸಾಕಲ್ಲ ಮಾವ. ಮೂರು ಪಟ್ಟು ಯಾಕೆ ಸುಮ್ನೆ?" ಅಂದಳು.

"ಕಳ್ಳ ಇರ್ಲಿ ಕಣಮ್ಮ..." ಎಂದವರು ನೆಟ್‌ವರ್ಕಿನ ಡಬ್ಬವನ್ನು ತಮ್ಮ ಹತ್ತಿರ ಎಳೆದುಕೊಂಡರು.

ಗುರುಕಿರಣನೇ ದಾರಿ ತೋರಿಸಿದ. ಮುಂದಿನ ಅಂಗಡಿಗೆ ಅನಲಾಗ್ ಒಂದು, ಭಟ್ಟಿಗೆ ನೆಟ್‌ವರ್ಕಿನದೊಂದು ಸುಮ್ಮನೆ ಹಾಕಿ ನೋಡುವುದು. ಹಬ್ಬ ಮುಗಿದ ಮೇಲೆ ಯಾವುದು ಬೇಕೋ ಅದನ್ನೇ ಎಲ್ಲ ಕಡೆಗೂ ಹಾಕಿ, ಬೇಡವಾದ್ದನ್ನು ಬಿಚ್ಚಿಕೊಂಡು ಹೋಗುವುದು.

ಮಾರನೆಯ ದಿನ ಅವನು ಭಟ್ಟಿಯಲ್ಲಿ ಏಣಿ ಹತ್ತಿದಾಗ ಸರ್ವಮಂಗಳಾ ಕೆಳಗೆ ನಿಂತು, "ಆ ಮೂಲೆ ಬೇಡ. ಬಾಣಲೆ ಒಲೆಗಳ ಕಡೆ ಮಾತ್ರ ತಿರುಗಿಸಿ," ಅಂದಳು.

"ಮೆಷಿನ್ ಬರಲ್ಲ ಮೇಡಂ."

"ಬರೋದು ಬೇಡ."

ಗುರುಕಿರಣ್ ಅವಳ ಮುಖ ನೋಡಿದ, ಮೆಷಿನ್ ನೋಡಿದ, ತಿರುಗಿಸಿದ. ಹೊಗೆ ಕೂರುವುದರಿಂದ ಎರಡರ ಗಾಜನ್ನೂ ದಿನಾ ಒರೆಸಬೇಕೆಂದು ಮುದ್ದಮ್ಮನಿಗೆ ಹೇಳಿ ಹೋದ.

ಅಂದಿನಿಂದ ಪ್ರಭುಸ್ವಾಮಿ ಮತ್ತೆ ಕೆಲಸಕ್ಕೆ ಹೋಗತೊಡಗಿದರು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಅಂಗಡಿಗೆ ಹಾಕುತ್ತಿದ್ದ ಬಿಳಿ ಅಂಗಿಯನ್ನೇ ತೊಟ್ಟು ಕಂಪ್ಯೂಟರಿನ ಮುಂದೆ ಕೂರುವರು. ಸ್ವಲ್ಪ ಹೊತ್ತಿಗೆ ಅಂಗಡಿಯಲ್ಲಿ ಸರ್ವಮಂಗಳಾಳ ಮೊಬೈಲು ಬಡಿದುಕೊಳ್ಳುವುದು.

"ಮಂಗಳಾ, ಮರಳು ಇನ್ನೂ ಕಾದಿಲ್ಲ. ಮುದ್ದಮ್ಮನಿಗೆ ಆತುರ. ಹೇಳು."

"ಮಂಗಳಾ, ಆ ಮೂಟೆ ಗೋಡೆಗೆ ಒರಗಿಸಿದಾರೆ, ಶೀತ ಹಿಡೀತದೆ."

"ಮಂಗಳಾ, ಮೂಗಯ್ಯ ಕಾಣ್ತಾ ಇಲ್ಲ. ಬೀಡಿ ಸೇದೋಕೆ ಹೋದ್ನಾ?"

ಹೊಟ್ಟು ತುಂಬುವ ಮೂಗಯ್ಯ ಕ್ಯಾಮೆರಾ ಕಾಣದ ಮೂಲೆಯಲ್ಲಿ ಮೆಷಿನ್ನಿಗೆ ಅಕ್ಕಿ ಸುರಿಯುತ್ತಿದ್ದ. "ಹೂಂ ಮಾವ, ಬೀಡಿಗೇ ಹೋದ," ಎಂದು ಅವಳು ಸುಳ್ಳು ಹೇಳಿದಳು. ಈಚೆಗೆ ಬೀಡಿಯನ್ನೇ ಬಿಟ್ಟಿದ್ದ ಮೂಗಯ್ಯನಿಗೆ ಅದು ತಿಳಿದು, "ನನ್ನ ಮರ್ವಾದೆ ಕಳೆದ್ಬುಟ್ರಲ್ಲ ಮಂಗಳಮ್ಮ," ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದ.

ಮುದ್ದಮ್ಮನಿಗೆ ಇದು ತಮಾಷೆ. "ಮುಂಚೆ ಹೊಗೆ ಕುಡ್ಕಂಡು ಕೆಮ್ತಾ ಬಯ್ಯೋರು. ಈಗ ಕೆಮ್ಮಿಲ್ದೆ ಬಯ್ತಾರೆ. ಗುಣ ಆಗ್ತಾ ಅವ್ರೆ ಅನ್ನಿ," ಎಂದು ಕ್ಯಾಮೆರಾದ ಕಡೆ ತಿರುಗಿ ಪೊರಕೆ ಎತ್ತಿ ಕೈ ಮುಗಿಯುವಳು. ಒಂದು ದಿನ ಫೋನು ಬಂದದ್ದು ಬಯ್ಯಲಿಕ್ಕಲ್ಲ. "ಮುದ್ದಮ್ಮ ಯಾಕೆ ಎಡಗೈಲಿ ಪೊರಕೆ ಹಿಡಿದವಳೆ? ಕೈ ಸುಟ್ಕೊಂಡವಳಾ? ಒಲೆ ಮುಂದಿಂದ ಎಬ್ಬಿಸಿ ಡಾಕ್ಟರ ಹತ್ರ ಕಳಿಸಮ್ಮ." ನಿಜವಾಗಿಯೂ ಸುಟ್ಟಿತ್ತು. ಅಲ್ಲೇ ಇದ್ದ ಸರ್ವಮಂಗಳಾಗೆ ಅದು ಕಂಡಿರಲಿಲ್ಲ.

ಆದರೂ ಅವಳಿಗೆ ಸಾಕಾಗಿ ಹೋಗಿತ್ತು. ಗಿರಾಕಿಯೊಡನೆ ಮಾತು, ನಡುವೆ ಮಾವನ ಮಾತು. ಅದಕ್ಕಿಂತ ಹೆಚ್ಚಾಗಿ, ಮೆಷಿನ್ನಿನ ಪುರಿ ಹೊತ್ತು ಯಾರಾದರೂ ಬಾಣಲೆಯ ಮುಂದೆ ಹಾಯ್ದಾಗಲೆಲ್ಲ ಅವಳ ಕಣ್ಣು ಮೊಬೈಲಿನ ಕಡೆ ಹೋಗುತ್ತಿತ್ತು. ಪೂಜೆಯ ಹಿಂದಿನ ದಿನ ಗುರುಕಿರಣನಿಗೆ ಫೋನು ಮಾಡಿ, "ಟಿವೀದೇ ಇರ್ಲಿ. ಹಬ್ಬ ಆದ ಮೇಲೆ ಬಂದು ನೆಟ್‌ದು ಬಿಚ್ಕೊಂಡು ಹೋಗಿ," ಎಂದುಬಿಟ್ಟಳು. ಆ ರಾತ್ರಿ ಮಾವನಿಗೆ ಮುದ್ದೆ ಬಡಿಸುವಾಗ ಹೇಳಬೇಕೆಂದುಕೊಂಡಳು. "ನಾಳೆ ಪೂಜೆ ಚೆನ್ನಾಗಿ ಮಾಡಿ ಕಣಮ್ಮ. ನಾನು ಇಲ್ಲಿಂದಲೇ ಕೈ ಮುಗೀತೀನಿ," ಎಂದರು ಅವರು. ಅವಳು ಹೇಳದೆಯೇ ಇನ್ನೊಂದಿಷ್ಟು ಸಾರು ಬಡಿಸಿದಳು.

ಆಯುಧಪೂಜೆಯ ದಿನ ಒಲೆಗಳಿಗೆ ಬಿಡುವು. ಭಟ್ಟಿಯನ್ನು ತೊಳೆದು ಸಾರಿಸಿ ಬಾಗಿಲಿಗೆ ಬಾಳೆಕಂದು ಕಟ್ಟಿದ್ದರು. ಬಾಣಲೆ, ಜರಡಿ, ಪೊರಕೆ, ಹೊಸ ತಕ್ಕಡಿ, ಎಲ್ಲಕ್ಕೂ ಮುದ್ದಮ್ಮ ಮೂರು ಬೆರಳಿನಿಂದ ವಿಭೂತಿ ಎಳೆದು ನಡುವೆ ಕುಂಕುಮ ಇಡುತ್ತ ಬಂದಳು. ಮೆಷಿನ್ನಿಗಂತೂ ಅವಳ ಕೈಯಿಂದಲೇ ಮಾರುದ್ದದ ಸೇವಂತಿಗೆ ಹಾರ ಬಿದ್ದಿತ್ತು. ಆಮೇಲೆ ತಲೆ ಎತ್ತಿ ನೋಡಿದಳು. ಗೋಡೆಯ ಮೇಲಿನ ಕ್ಯಾಮೆರಾವೂ ದಿನವಿಡೀ ದುಡಿಯುವುದೇ ಅಲ್ಲವೇ? ಸ್ಟೂಲು ಹತ್ತಿ, ತಾನೇ ದಿನಾ ಒರೆಸುವ ಅದರ ಗಾಜಿಗೆ ದಪ್ಪಗೆ ವಿಭೂತಿ ಬಳಿದು, ನಟ್ಟನಡುವೆ ರೂಪಾಯಗಲ ಕುಂಕುಮವಿಟ್ಟು ಇಳಿದಳು. ಸರ್ವಮಂಗಳಾ ಕರ್ಪೂರ ಹಚ್ಚಿದಳು. ಜಾಗಟೆ ಶುರುವಾಯಿತು.

ಮನೆಯಲ್ಲಿ ಪ್ರಭುಸ್ವಾಮಿ ಒಬ್ಬರೇ. ಸುಂದರೇಶ ಬ್ಯಾಂಕಿನ ಪೂಜೆಗೆ ಹೋಗಿದ್ದ. ಕೈ ಮುಗಿಯಲೆಂದು ಸ್ನಾನ ಮುಗಿಸಿ, ಅಂಗಿ ತೊಡುವ ಮೊದಲೇ ಕಂಪ್ಯೂಟರಿನ ಮುಂದೆ ಬಂದವರಿಗೆ ಭಟ್ಟಿಯೆಲ್ಲ ಬೂದುಬಣ್ಣದ ಹೊಗೆಯಲ್ಲಿ ಮುಳುಗಿದಂತೆ ಕಂಡಿತು. ಹೊಗೆಯ ನಡುವೆ ಕೆಂಪಗೆ ಉರಿ. ಸರ್ವಮಂಗಳಾಗೆ ಫೋನು ಮಾಡಿದರು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದರು. ಜಾಗಟೆಯ ಸದ್ದಿನಲ್ಲಿ ಅವಳಿಗೆ ಕೇಳಿಸಿದ್ದರಲ್ಲವೇ?

ಮಂಗಳಾರತಿ ಮುಗಿದು ಬೂದುಗುಂಬಳ ಒಡೆಯಲು ಎಲ್ಲರೂ ಬಾಗಿಲಿಗೆ ಬರುವುದಕ್ಕೂ ಓಣಿಯಲ್ಲಿ ಒಂದು ಆಟೋ ಕಿರ್ರೆಂದು ನಿಲ್ಲುವುದಕ್ಕೂ ಸರಿಯಾಯಿತು. ಪ್ರಭುಸ್ವಾಮಿ ಇಳಿದರು. ಅಂಗಿಯಿಲ್ಲ, ಬನಿಯನ್ನು. ಕಾಲಲ್ಲಿ ಚಪ್ಪಲಿಯಿಲ್ಲ. ಕೈಯಲ್ಲಿ ಬಚ್ಚಲುಮನೆಯ ಬಕೆಟ್ಟು, ಅದರ ತಳದಲ್ಲಿ ಒಂದಿಷ್ಟು ನೀರು. ಉಳಿದದ್ದು ಆಟೋದೊಳಗೆ ಚೆಲ್ಲಿತ್ತು.

"ಬೆಂಕಿ... ಎಲ್ಲಮ್ಮ ಬೆಂಕಿ? ಮಂಗಳಾ, ನೀನು... ಮುದ್ದಮ್ಮ... ಎಲ್ಲಾ ಆಚೆ ಬಂದ್ರಾ?"

"ಯಾವ ಬೆಂಕಿ ಮಾವ?" ಸರ್ವಮಂಗಳಾ ಓಡಿ ಬಂದು ತೋಳು ಹಿಡಿದಳು. "ಕೂತ್ಕೊಳ್ಳಿ, ಮೊದ್ಲು ಕೂತ್ಕೊಳ್ಳಿ."

ಅವರು ಕೂರಲಿಲ್ಲ. ಬಕೆಟ್ಟು ಹಿಡಿದೇ ಒಳಕ್ಕೆ ಹೋದರು. ಒಲೆಗಳು ತಣ್ಣಗಿದ್ದವು. ಹೊಗೆಯ ಸುಳಿವೇ ಇರಲಿಲ್ಲ. ತಲೆ ಎತ್ತಿ ಕ್ಯಾಮೆರಾ ನೋಡಿದರು. ಮೂರು ಎಳೆ ವಿಭೂತಿ, ನಡುವೆ ಕುಂಕುಮ. ಮುದ್ದಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಅಯ್ಯೋ ಯಜಮಾನ್ರೇ, ಅದ್ಕೂ ಪೂಜೆ ಆಗ್ಲಿ ಅಂತ..."

"ನನ್ನ ಕಣ್ಣಿಗೇ ಬೂದಿ ಬಳಿದ್ಯಲ್ಲೇ, ಮಾರಾಯ್ತಿ!"

ಅವಳಿಗೆ ನಗು ತಡೆಯಲಾಗಲಿಲ್ಲ. ಅವರಿಗೂ ಆಗಲಿಲ್ಲ. ನಗುತ್ತಾ ಬಕೆಟ್ಟು ಕೆಳಗಿಟ್ಟು ತಿರುಗಿದಾಗ ಮೂಲೆಯಲ್ಲಿ ಸೇವಂತಿಗೆ ಹಾರ ಹಾಕಿಕೊಂಡು ನಿಂತಿದ್ದ ಮೆಷಿನ್ನು ಕಣ್ಣಿಗೆ ಬಿತ್ತು.

ನಗು ನಿಂತಿತು. ಮೂಗಯ್ಯ ಹೊರಗೆ ಏನೋ ಕೆಲಸ ನೆನಪಾದವನಂತೆ ಹೋಗಿಬಿಟ್ಟ. ಪ್ರಭುಸ್ವಾಮಿ ಹತ್ತಿರ ಹೋಗಿ, ತಮ್ಮ ಒಲೆಯಿದ್ದ ನೆಲವನ್ನು ನೋಡಿದರು. ಮೆಷಿನ್ನಿನ ಡ್ರಮ್ಮಿನ ಮೇಲೆ ಕೈಯಿಟ್ಟರು.

"ಯಾವಾಗ ಬಂತು?"

"ಆಷಾಢ ಕಳೆದ ಮೇಲೆ."

"ನನಗೆ ಕಾಣದ ಹಾಗೆ ಕ್ಯಾಮೆರಾ ತಿರುಗ್ಸಿದ್ದೀಯ."

"ಹೂಂ ಮಾವ. ಬೇಡ ಅಂತೀರಿ ಅಂತ."

"ಅಂತಿದ್ದೆ," ಎಂದರು ಅವರು.

ಸರ್ವಮಂಗಳಾ ಅವರ ಪಕ್ಕಕ್ಕೆ ಬಂದು ನಿಂತಳು. ಇಷ್ಟು ದಿನ ಒಳಗೇ ಹೇಳಿಕೊಂಡಿದ್ದ ಮಾತು ಈಗ ಹೊರಬಂತು. "ಮುದ್ದಮ್ಮನೂ ನಿಮ್ಮ ಹಾಗೇ ಕೆಮ್ಮೋಕೆ ಶುರು ಮಾಡಿದ್ಲು ಮಾವ. ಬೆಳಗಿನ ಜಾವ ಬಂದ ತಕ್ಷಣ, ನೀವು ಕೆಮ್ತಿದ್ರಲ್ಲ, ಅದೇ ಥರ. ನಂಗೆ ಕೇಳೋಕಾಗ್ಲಿಲ್ಲ. ಒಂದು ಒಲೆ ಹೊಗೆಯಾದ್ರೂ ಕಮ್ಮಿಯಾಗ್ಲಿ ಅಂತ ತಂದೆ. ತೆಗೆಸು ಅಂದ್ರೆ..."

ಅವರು ಕೈಯೆತ್ತಿ ಅವಳನ್ನು ಅಲ್ಲಿಗೇ ತಡೆದರು. ಮುದ್ದಮ್ಮನ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು.

"ಇದರ ಪುರಿ ಎಲ್ಲಿ?"

ಪೂಜೆಯ ತಟ್ಟೆಗಳ ಪಕ್ಕದಲ್ಲಿ ಎರಡು ಬುಟ್ಟಿಗಳಿದ್ದವು, ಮೊದಲನೆಯದು ಬಾಣಲೆಯದು, ಎರಡನೆಯದು ಮೆಷಿನ್ನಿನದು. ಒಂದರಿಂದ ಒಂದು ಹಿಡಿ, ಇನ್ನೊಂದರಿಂದ ಒಂದು ಹಿಡಿ ತೆಗೆದು, ಉಳಿದಿದ್ದ ಹಲ್ಲುಗಳಿಂದ ನಿಧಾನವಾಗಿ ಅಗಿದರು. ಎಲ್ಲರೂ ಅವರ ದವಡೆಯನ್ನೇ ನೋಡುತ್ತಿದ್ದರು.

"ವ್ಯತ್ಯಾಸ ಐತೆ."

"ಯಾವುದು ಚೆನ್ನಾಗೈತೆ ಯಜಮಾನ್ರೇ?" ಎಂದಳು ಮುದ್ದಮ್ಮ.

"ಅದನ್ನ ಮಾತ್ರ ಕೇಳ್ಬೇಡ," ಎನ್ನುತ್ತ ಅವರು ಎರಡನೆಯ ಬುಟ್ಟಿಯಿಂದ ಇನ್ನೊಂದು ಹಿಡಿ ತೆಗೆದುಕೊಂಡರು. "ಉಪ್ಪು ಒಂದಿಷ್ಟು ಮುಂದಾಗಿ ಹಾಕಿ. ಇದಕ್ಕೆ ಹಿಡಿಯೋಕೆ ಹೊತ್ತು ಬೇಕು."

ಹೊರಗೆ ಜಗಲಿಯ ಮೇಲೆ ಕೂರಿಸಿ ಸರ್ವಮಂಗಳಾ ನೀರು ಕೊಟ್ಟಳು. ಅಷ್ಟರಲ್ಲಿ ಪುರಿಗೆಂದು ಬಂದ ಗುರುಕಿರಣನನ್ನು ಕಂಡು ಪ್ರಭುಸ್ವಾಮಿಯೇ, "ನೆಟ್‌ದು ಬಿಚ್ಕೊಂಡು ಹೋಗಪ್ಪ," ಎಂದರು. "ಮೂರು ಪಟ್ಟು ಕೊಟ್ಟು ಬೆದರೋದು ಯಾಕೆ? ಅವಳ ಭಟ್ಟಿ ಅವಳು ನೋಡ್ಕೋತಾಳೆ."

"ಸರಿ, ಮೇಡಮ್ಮೂ ನಿನ್ನೆ ಅದನ್ನೇ..."

"ಇಲ್ಲ," ಎಂದಳು ಸರ್ವಮಂಗಳಾ ನಡುವೆಯೇ. "ಅಂಗಡಿಗೆ ಟಿವೀದೇ ಇರ್ಲಿ. ಭಟ್ಟಿಗೆ ಮನೆಗೆ ಕಾಣೋದೇ ಬೇಕು. ಮುದ್ದಮ್ಮನ ಕೈ ಸುಟ್ಟಿದ್ದು ನಂಗೆ ಕಾಣ್ಲಿಲ್ಲ, ಮಾವನಿಗೆ ಅಲ್ಲಿಂದ ಕಾಣ್ತು. ಆ ಮೂಲೆನೂ ಕಾಣೋ ಹಾಗೆ ತಿರುಗಿಸಿ." ಮಾವನ ಕಡೆ ತಿರುಗಿದಳು. "ಫೋನು ಮಾತ್ರ ದಿನಕ್ಕೊಂದೇ ಸಲ."

"ಎರಡು," ಎಂದರು ಮುದುಕರು.

"ಆಯ್ತು, ಎರಡು."

ಇಷ್ಟು ಹೊತ್ತೂ ಆಟೋದ ಜವರಪ್ಪ ಸೀಟಿನ ನೀರು ಒರೆಸುತ್ತ ನಿಂತಿದ್ದ. ಈಗ ಮೆಲ್ಲಗೆ ಕೆಮ್ಮಿದ. ಪ್ರಭುಸ್ವಾಮಿ ಜೇಬಿಗೆ ಕೈ ಹಾಕಲು ಹೋದರು. ಬನಿಯನ್ನಿಗೆ ಜೇಬೆಲ್ಲಿ? ಎದ್ದು ಅಂಗಡಿಯೊಳಕ್ಕೆ ನಡೆದರು. ಗಲ್ಲಾ ಪೆಟ್ಟಿಗೆಯ ಹತ್ತಿರ ಬಂದವರು ಅದಕ್ಕೆ ಕೈ ಹಾಕದೆ, ಗಿರಾಕಿಗಳು ನಿಲ್ಲುವ ಕಡೆ ನಿಂತುಕೊಂಡರು.

"ಮಂಗಳಾ, ಆಟೋದವನಿಗೆ ಕೊಡ್ಬೇಕಿತ್ತು ಕಣಮ್ಮ."

ಸರ್ವಮಂಗಳಾ ಒಳಗೆ ಹೋಗಿ ತನ್ನ ಜಾಗದಲ್ಲಿ ಕೂತು ಗಲ್ಲಾ ತೆಗೆದಳು. ಬಾಡಿಗೆಯ ದುಡ್ಡನ್ನೂ, ಅದರ ಮೇಲೆ ಕಾಗದದ ಪೊಟ್ಟಣದಲ್ಲಿ ಪುರಿಯನ್ನೂ ಜವರಪ್ಪನಿಗೆ ಕೊಟ್ಟು ಕಳಿಸಿ, "ಇದು ಸಾಲ ಮಾವ. ಯಾವಾಗ ತೀರಿಸ್ತೀರಿ?" ಎಂದಳು.

"ಮೆಷಿನ್ ಬೇಡ ಅನ್ಲಿಲ್ಲವಲ್ಲ," ಎಂದು ಅವರು ಕೈಗೆ ಅಂಟಿದ್ದ ಉಪ್ಪು ಕೊಡವಿಕೊಂಡರು, "ಅದರಲ್ಲಿ ಮುರ್ಕೊಂಡ್ಬುಡು."