ಸಿಪ್ಪೆ ಬಿಡದ ಮೊಟ್ಟೆಗಳು

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಗಿರಣಿಯ ಹೊಗೆಕೊಳವೆ ಅರ್ಧಕ್ಕೇ ಮುಗಿದುಹೋದಂತೆ ಕಾಣುತ್ತಿತ್ತು. ಕ್ಯಾಂಟೀನಿನ ಕಿಟಕಿಯಲ್ಲಿ ಒಳಗಿನ ಆವಿಯೂ ಹೊರಗಿನ ಮಂಜೂ ಗಾಜಿನ ಎರಡು ಬದಿಗೆ ಮುಖ ಒತ್ತಿ ನಿಂತಿದ್ದವು. ಒಲೆಯ ಮುಂದೆ ಚಿಕ್ಕ ಸೊಸೆ ಇದ್ದಳು. ನಾಲ್ಕು ದಿನದ ಹಿಂದಿನವರೆಗೆ ಅಲ್ಲಿ ನಿಲ್ಲುತ್ತಿದ್ದವಳು ಅವಳ ಓರಗಿತ್ತಿ, ಆ ಮನೆಯ ದೊಡ್ಡ ಸೊಸೆ. ಹತ್ತೊಂಬತ್ತು ವರ್ಷ ಗಿರಣಿಯವರಿಗೆ ಮೊಟ್ಟೆ ಬೇಯಿಸಿ ಸುಲಿದುಕೊಟ್ಟು ‘ಮೊಟ್ಟೆಯಮ್ಮ’ ಎಂದೇ ಹೆಸರಾದವಳು. ಚಿಕ್ಕವಳಿಗೆ ಈ ಕೆಲಸ ಕೊಡಿಸಿದ್ದೂ ಅವಳೇ. ಈಗ ಮೂಲೆಯ ನಲ್ಲಿಯ ಕೆಳಗೆ ಕೂತು ಪಾತ್ರೆ ತಿಕ್ಕುತ್ತಿದ್ದಳು.

ಆಗಿದ್ದು ಇಷ್ಟೇ. ಅಂದು ಬಂದ ಮೊಟ್ಟೆಯನ್ನು ಅಂದೇ ಬೇಯಿಸುವ ಪದ್ಧತಿ ಆ ಅಡುಗೆಮನೆಯಲ್ಲಿ ಇರಲಿಲ್ಲ. ಹೊಸ ಮೊಟ್ಟೆ ಸಿಪ್ಪೆ ಬಿಡುವುದಿಲ್ಲ. ಪೊರೆ ಬಿಳಿಯನ್ನು ಕಚ್ಚಿ ಹಿಡಿದಿರುತ್ತದೆ. ಉಗ್ರಾಣದ ಒಳಗೋಡೆಯ ಬಳಿ ಒಂದು ವಾರ ಕೂತು, ದೊಡ್ಡವಳು ಹೇಳುವಂತೆ ‘ಬುದ್ಧಿ ಬಂದ ಮೇಲೆ’, ಅವು ಒಲೆಗೆ ಬರಬೇಕು. ಆ ದಿನ ತರಲು ಹೋದವಳು ಚಿಕ್ಕವಳು. ಹಿಟ್ಟಿನ ಮೂಟೆಗಳು ಅಡ್ಡವಿದ್ದವು. ದಾಟುವ ಸೋಮಾರಿತನಕ್ಕೆ, ಬಾಗಿಲ ಬಳಿ ಆಗಷ್ಟೇ ಇಳಿದಿದ್ದ ಟ್ರೇಗಳನ್ನೇ ಎತ್ತಿಕೊಂಡು ಬಂದಳು. ದೊಡ್ಡವಳು ನಂಬಿ ಬೇಯಿಸಿದಳು. ಸುಲಿದರೆ ಬಿಳಿಯೆಲ್ಲ ಸಿಪ್ಪೆಯ ಪಾಲು. ಕೈಗೆ ಉಳಿದದ್ದು ಇಲಿ ಕಚ್ಚಿದಂಥ ಮೊಟ್ಟೆ. ಅಂದೇ ಗಿರಣಿಯ ಯಜಮಾನರು ಊಟಕ್ಕೆ ಬರಬೇಕೆ!

“ವಯಸ್ಸಾಯ್ತಮ್ಮ, ಇನ್ಮೇಲೆ ಪಾತ್ರೆ ತೊಳ್ಕೊಂಡಿರು,” ಎಂದಿದ್ದ ಮೇಲ್ವಿಚಾರಕ.

ಚಿಕ್ಕವಳು ಬಾಯಿ ಬಿಡಲಿಲ್ಲ. ಮೊದಲು ಹೆದರಿಕೆ. ಆಮೇಲೆ, ದೇವರ ಮುಂದೆ ಮುಚ್ಚಿಡುವುದೇನು, ಒಲೆಯ ಮುಂದಿನ ಜಾಗವೂ ಬೆಚ್ಚಗಿತ್ತು.

ರೊಟ್ಟಿಯ ಬುಟ್ಟಿ ಹೊತ್ತು ಬಂದ ಬೋಳುತಲೆಯವನು ನಲ್ಲಿಯ ಕಡೆ ನೋಡಿ ನಕ್ಕ. “ಏನಮ್ಮ, ಮೊಟ್ಟೆಯಮ್ಮ ಹೋಗಿ ಪಾತ್ರೆಯಮ್ಮ ಆದ್ಯಾ?”

“ಹೂಂ ಕಣಪ್ಪ. ನಿನ್ ತಲೇನೂ ಇಟ್ಟು ಹೋಗು, ಬೆಳಗಿಕೊಡ್ತೀನಿ.”

ಅವನು ನಗುತ್ತಲೇ ಹೋದ. ದೊಡ್ಡವಳು ಕುಳಿತಲ್ಲಿಂದಲೇ ಕೇಳಿದಳು: “ನೀರು ಕುದ್ದ ಮೇಲೆ ತಾನೇ ಮೊಟ್ಟೆ ಬಿಟ್ಟಿದ್ದು?”

“ಹೌದಕ್ಕ. ಈಗ ಇಳಿಸಿ ತಣ್ಣೀರಿಗೆ ಹಾಕಿದೀನಿ.”

“ದಪ್ಪ ತುದಿ ಮೊದ್ಲು ಒಡಿ, ಅಲ್ಲಿ ಗಾಳಿ ಇರುತ್ತೆ. ಮುನಿಸ್ಕೊಂಡಿರೋ ಗಂಡನ್ನ ಮಾತಾಡಿಸ್ದ ಹಾಗೆ, ನಿಧಾನ.” ಆಮೇಲೆ ಒದ್ದೆ ಬೆರಳುಗಳನ್ನು ಬೆಳಕಿಗೆ ಹಿಡಿದಳು. “ಮೇಲ್ವಿಚಾರಕ್ರನ್ನ ಅಂದು ಏನು ಪ್ರಯೋಜನ? ನನ್ ಬೆರಳೇ ಮಂದ ಆಗಿದೆ ಕಣೇ. ನಿನ್ನೆ ಮೊಮ್ಮಗೂಗೆ ಉಗುರು ಕತ್ತರಿಸೋಕೂ ಹೆದ್ರಿಕೊಂಡೆ. ಕೊಟ್ಟ ದೇವ್ರೇ ತಗೋತಾನೆ. ತಗೊಳ್ಳಲಿ ಬಿಡು.”

ದೇವರು ತೆಗೆದುಕೊಂಡಿರಲಿಲ್ಲ. ತೆಗೆದುಕೊಂಡವಳು ಒಲೆಯ ಮುಂದೆ ಸೆರಗಿಗೆ ಕೈ ಒರೆಸುತ್ತ ನಿಂತಿದ್ದಳು.

“ಅಕ್ಕ,” ಎಂದಳು. “ಆವತ್ತು ನಾನು ತಂದಿದ್ದು ಬಾಗ್ಲ ಹತ್ರದ ಟ್ರೇ. ಆಗ್ತಾನೇ ಬಂದಿದ್ದು.”

ದೊಡ್ಡವಳ ಕೈಯ ಪಾತ್ರೆ ಅಲ್ಲೇ ನಿಂತಿತು.

“ಗೊತ್ತಿದ್ದೂ ಸುಮ್ನಿದ್ದೆ.”

“ನಾಲ್ಕು ದಿನ,” ಎಂದಳು ದೊಡ್ಡವಳು. ಬೈದಿದ್ದರೆ ಚಿಕ್ಕವಳಿಗೆ ಹಗುರಾಗುತ್ತಿತ್ತು.

ಅಷ್ಟರಲ್ಲಿ ಮೇಲ್ವಿಚಾರಕ ಬಾಗಿಲಲ್ಲಿ ತಲೆ ಹಾಕಿದ. “ಇನ್ನೂ ಸುಲಿದಿಲ್ವಾ? ಜನ ಬರೋ ಹೊತ್ತಾಯ್ತು!”

“ಸಾರ್, ಆವತ್ತು ಮೊಟ್ಟೆ ಕೆಟ್ಟಿದ್ದು ನನ್ನಿಂದ. ಹಳೇದು ಬಿಟ್ಟು ಹೊಸದು ತಂದ್ಕೊಟ್ಟಿದ್ದೆ. ಅಕ್ಕಂದೇನೂ ತಪ್ಪಿಲ್ಲ.”

ಅವನು ಇಬ್ಬರ ಮುಖವನ್ನೂ ನೋಡಿದ. “ಹಾಗಾದ್ರೆ ನಲ್ಲಿ ಹತ್ರ ನೀನೇ ಕೂತ್ಕೋ,” ಎಂದು ಹೊರಟುಹೋದ.

ದೊಡ್ಡವಳು ಗೋಡೆ ಹಿಡಿದು ಎದ್ದು ಬಂದು, ಸೆರಗಿಗೆ ಕೈ ಒರೆಸಿಕೊಂಡು, ಒಲೆಯ ಮುಂದೆ ನಿಂತಳು. ತಾನಾಗಿ ತಣ್ಣೀರಿನ ಬೋಗುಣಿಗೆ ಕೈ ಹಾಕಲಿಲ್ಲ. ಚಿಕ್ಕವಳು ನೀರಿನಿಂದ ಒಂದು ಮೊಟ್ಟೆ ತೆಗೆದು ಅವಳ ಅಂಗೈಯಲ್ಲಿಟ್ಟಳು. ದೊಡ್ಡವಳು ದಪ್ಪ ತುದಿಯನ್ನು ಕಲ್ಲಿಗೆ ಮೆಲ್ಲನೆ ತಾಗಿಸಿ, ಹೆಬ್ಬೆರಳನ್ನು ಪೊರೆಯಡಿ ತೂರಿಸಿದಳು. ಸಿಪ್ಪೆ ಒಂದೇ ಎಳೆಯಾಗಿ ಸುತ್ತಿಕೊಂಡು ಬಂತು. ಮೊಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ.

ಅವಳು ಮೊಟ್ಟೆಯನ್ನಲ್ಲ, ತನ್ನ ಹೆಬ್ಬೆರಳನ್ನು ನೋಡುತ್ತಿದ್ದಳು.

“ಇನ್ನೊಂದು ಕೊಡು,” ಎಂದಳು.

ಚಿಕ್ಕವಳು ಕೊಟ್ಟಳು.